ಕ್ಯಾಸೆಟ್ಟಿನ ಎರಡನೇ ಮಗ್ಗುಲು

ಎಂಬತ್ತಮೂರರ ಮಾರ್ಚಿನಲ್ಲಿ ಟಿಬೋ
ಮನಾಮದ ಹೋಟೆಲಿನಲ್ಲಿ ಮೂರು ರಾತ್ರಿ ಊದಿದ.
ನಾನು ಬಿಳಿ ಅಂಗಿ, ಕಪ್ಪು ಬೋ, ಅಂಗೈ ಮೇಲೆ ಟ್ರೇ.
ಎಂಜಲು ತಟ್ಟೆಯ ಗಾಡಿಯ ಕೆಳಗೆ,
ಇಳಿಬಿಟ್ಟ ಬಟ್ಟೆಯ ಮರೆಯಲ್ಲಿ
ಕೆಂಪು ಗುಂಡಿ ಒತ್ತಿ ಕೂರಿಸಿದ್ದ ಟೂ-ಇನ್-ವನ್.

ಹೊಸ ಕ್ಯಾಸೆಟ್ಟಿಗೆ ಎಲ್ಲಿಯ ದುಡ್ಡು?
ಮೈಮೂನಾ ಊರಿಂದ ಮಾತಾಡಿ ಕಳಿಸಿದ ಕಾಗದ ಅದು,
ಕೇಳಿ ಕೇಳಿ ಬಾಯಿಪಾಠವಾಗಿತ್ತು.
ಅದರ ಮೇಲೆಯೇ ಊದಿಸಿಕೊಂಡೆ.

ಪಾಸ್ಕಲನನ್ನು ಅಡುಗೆಮನೆಯ ಬಾಗಿಲಿಂದ ಒಳಗೆ ಬಿಟ್ಟೆ.
ಶಿರ್ವದವನು. ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಹಿಡಿದವನು,
ಇಲ್ಲಿ ಅಲ್ಯೂಮಿನಿಯಂ ಕುಲುಮೆಯ ಮುಂದೆ ಎಂಟು ತಾಸು.
ಮೂಗಲ್ಲಿ ಬೂದಿ, ಎದೆಯಲ್ಲಿ ಬೂದಿ.
ಕಂಬಕ್ಕೊರಗಿ ನಿಂತು
ತೊಡೆಯ ಮೇಲೆ ಬೆರಳಾಡಿಸುತ್ತಿದ್ದ,
ಇಲ್ಲದ ಕೀಲಿಗಳನ್ನು ಒತ್ತುತ್ತ.

ಸ್ಟುಡಿಯೋದ ಪ್ಲೇಟುಗಳಲ್ಲಿ ಟಿಬೋ ಇಸ್ತ್ರಿ ಹಾಕಿದ ಅಂಗಿ.
ಇಲ್ಲಿ ಬೆವರಿದ ಬೆನ್ನು.
ಉಸಿರೆಳೆದದ್ದು ಕೇಳುತ್ತದೆ, ಷೂಸಿನಲ್ಲಿ ಹಲಗೆ ತಟ್ಟಿದ್ದು,
ತುಟಿ ಜಾರಿ ಕೀಚ್ ಎಂದದ್ದು,
ಆ ಕೀಚಿಗೆ ನಾಚದೆ ಇನ್ನೊಮ್ಮೆ ಬೇಕೆಂದೇ ಕೀಚೆನಿಸಿದ್ದು.
ಕ್ಯಾಸೆಟ್ಟು ಮಗುಚುವಾಗ ಹನ್ನೊಂದು ಸೆಕೆಂಡು ಹೋಯಿತು.
ಅದು ಇನ್ನೂ ನನಗೆ ನೋಯುತ್ತದೆ.

ಎರಡನೇ ಮಗ್ಗುಲಲ್ಲಿ ನಿಧಾನದ್ದು ಒಂದು.
ಇಳಿದು, ಇಳಿದು, ನಿಂತ.
ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ ಮುಂಚಿನ ಹಾಗೆ
ಇಡೀ ಹಾಲು.
ಆಗ ಪಾಸ್ಕಲ ಕೆಮ್ಮಿದ.
ಎರಡು ಗಿಡ್ಡ, ಒಂದು ಉದ್ದ.

ಬ್ಯಾಂಕಿನವರು, ತೈಲದ ಕಂಪನಿಯವರು ತಿರುಗಿ ನೋಡಿದರು.
ನನ್ನ ಕೆಲಸ ಹೋಯಿತು ಎಂದುಕೊಂಡೆ.
ಟಿಬೋ ಕಣ್ಣು ತೆರೆಯಲಿಲ್ಲ.
ಎರಡು ಗಿಡ್ಡ, ಒಂದು ಉದ್ದ ಊದಿದ.
ಹಾಲು ನಕ್ಕಿತು.
ಮತ್ತೆ ಊದಿದ, ತಲೆಕೆಳಗು ಮಾಡಿ.
ಆಮೇಲೆ ಆ ಕೆಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು
ಕಾಲು ಗಂಟೆ ಲೋಕವೆಲ್ಲ ಸುತ್ತಿಸಿದ.
ಯಾವಾಗ ನಗು ನಿಂತಿತೋ ಗೊತ್ತಿಲ್ಲ.

ಪಾಸ್ಕಲ ಎಂಬತ್ತೊಂಬತ್ತರಲ್ಲಿ ಸಲ್ಮಾನಿಯಾ ಆಸ್ಪತ್ರೆಯಲ್ಲಿ ಹೋದ.
ಕ್ಯಾಸೆಟ್ಟಿನಲ್ಲಿ ಊರಿಗೆ ಮಾತಾಡಲು ಅವನಿಗೆ ನಾಚಿಕೆ.
ಅವನ ಗಂಟಲು ಉಳಿದದ್ದು ಅಷ್ಟೇ, ಅಲ್ಲಿ.

ಹೋದ ವರ್ಷ ದುಬೈಯಿಂದ ಬಂದ ಒಬ್ಬ ಡಚ್ಚರವನು,
ಬಿಳಿ ಕೈಚೀಲ ತೊಟ್ಟು ಕ್ಯಾಸೆಟ್ಟು ಮುಟ್ಟಿದ.
ಇದು ನಿಧಿ, ಎಂದ. ಎಂಟುನೂರು ದಿನಾರು ಎಣಿಸಿದ.
ತೊಳೆದು ಕೊಡುತ್ತೇನೆ, ನಿಮಗೂ ಒಂದು ಪ್ರತಿ, ಎಂದ.

ತೊಳೆದ. ಪೆನ್‌ಡ್ರೈವ್ ಕಳಿಸಿದ.
ಗಾಡಿಯ ಚಕ್ರ ಇಲ್ಲ, ಚಮಚ ಇಲ್ಲ.
ಕೊನೆಯಲ್ಲಿ ಟೇಪು ಮಿಕ್ಕಿದಲ್ಲಿ ಎದ್ದು ಬರುತ್ತಿದ್ದ ಮೈಮೂನಾ
(ಸ್ಟೌವಿನ ಪಿನ್ನು ಎರಡು ಡಜನ್, ಮರೆಯಬೇಡಿ)
ಅವಳೂ ಇಲ್ಲ.
ನಿಧಾನದ್ದು ಬಂತು. ಇಳಿದು, ಇಳಿದು, ನಿಂತಿತು.
ತೊಳೆದ ಗಾಜಿನಂಥ ಮೌನ.
ಆಮೇಲೆ ಟಿಬೋ, ಎರಡು ಗಿಡ್ಡ, ಒಂದು ಉದ್ದ.
ಯಾರಿಗೆ?
ಜನ ನಕ್ಕರು.
ಯಾತಕ್ಕೆ?

ನಿನ್ನೆ ರಾತ್ರಿ ಮುಹರ್ರಕ್ ಸೇತುವೆ ದಾಟಿ
ಕೋಲ್ಡ್ ಸ್ಟೋರಿನ ವ್ಯಾನು ಬದಿಗೆ ಹಾಕಿದೆ.
ಗಾಜು ಏರಿಸಿ ಅದನ್ನೇ ಹಚ್ಚಿದೆ.
ಆ ಜಾಗ ಬಂದಾಗ
ನಾನೇ ಕೆಮ್ಮಿದೆ.

ಒಂದಿಷ್ಟು ತಡವಾಯಿತು.
ಹಿಂದಕ್ಕೊಯ್ದು ಮತ್ತೆ ಕಾದೆ.