ಸೋಮವಾರದ ಗಾಜು

ಕಾಸೆಲ್, ಜೂನ್ ೧೯೪೮

ಒಪ್ಪಿಕೊಳ್ಳುತ್ತೇನೆ: ಬಾಣಲೆಗಳಿದ್ದವು.
ನೆಲಮಾಳಿಗೆಯಲ್ಲಿ, ಕಲ್ಲಿದ್ದಲ ರಾಶಿಯ ಕೆಳಗೆ, ಗೋಣಿ ಸುತ್ತಿ,
ನಲವತ್ತೊಂದು. ಎನಾಮೆಲ್ ಪಾತ್ರೆ ಹದಿನೆಂಟು.
ಮೊಳೆ ಎರಡು ಪೆಟ್ಟಿಗೆ. ಲೆಕ್ಕದವನು ನಾನು, ಮರೆತಿಲ್ಲ.
ಮೇಲೆ ಅಂಗಡಿಯಲ್ಲಿ ಮಾತ್ರ ಒಂದು ಇಲಿಬೋನು,
ಒಂದು ಹಲಗೆ: ಸರಕಿಲ್ಲ.

ಮೂರು ವರ್ಷ ಆ ಹಲಗೆಯೇ ನನ್ನ ವ್ಯಾಪಾರ.

ಬಾಣಲೆಗೆ ಬೆಲೆ ಇರಲಿಲ್ಲವೆಂದಲ್ಲ. ಇತ್ತು, ಕಚೇರಿಯಲ್ಲಿ.
ಯುದ್ಧಕ್ಕೂ ಮುಂಚೆ ಯಾರೋ ಮೇಜಿನ ಮುಂದೆ ಕೂತು ಬರೆದದ್ದು.
ಊರು ಸುಟ್ಟಿತು, ಆ ಮೇಜೂ ಸುಟ್ಟಿತು,
ಬೆಲೆಗೆ ಮಾತ್ರ ಬಿಸಿ ತಾಗಲಿಲ್ಲ.
ಆ ಬೆಲೆಗೆ ಮಾರಿದರೆ ಬರುವ ನೋಟಿನ ಕಂತೆಗೆ
ಒಂದು ಮೊಟ್ಟೆಯೂ ಹುಟ್ಟುತ್ತಿರಲಿಲ್ಲ.
ಸಿಗರೇಟೇ ನಾಣ್ಯ. ಸೇದದವನೇ ಸಾಹುಕಾರ.

ಕೆಟಲಿನ ಹಿಡಿಕೆ ಬೆಸೆಯಲು ಒಂದು ಅರ್ಜಿ,
ಬೆಸುಗೆಯ ತವರಕ್ಕೆ ಇನ್ನೊಂದು,
ಅರ್ಜಿ ಬರೆಯುವ ಕಾಗದಕ್ಕೂ ಒಂದು ಚೀಟಿ.
ಕಚೇರಿಯ ಹೆರ್ ಪಾಪೆನ್‌ಬ್ರಾಕ್ ಕೆಟ್ಟವನಲ್ಲ,
ಚಳಿಗೆ ಬೆರಳು ಸೆಟೆದರೂ ಠಸ್ಸೆ ಒತ್ತುತ್ತಿದ್ದ.
ಅವನ ಹೆಂಡತಿಗೂ ಬಾಣಲೆ ಇರಲಿಲ್ಲ.
ಅವಳು ಬಂದಾಗಲೂ ಹಲಗೆ ತೋರಿಸಿದೆ.

ಭಾನುವಾರ ಹೊಸ ನೋಟು. ತಲೆಗೆ ನಲವತ್ತು ಮಾರ್ಕು.
ಗಿರಣಿಯ ಒಡೆಯನಿಗೂ ನಲವತ್ತು, ಅವನ ಅಂಗಳ ಗುಡಿಸುವವನಿಗೂ.
ಬೆಲೆಯ ಕಟ್ಟು ಬಿಚ್ಚುತ್ತಾರಂತೆ ಎಂದು ರೇಡಿಯೋ ಇದ್ದ ಮನೆಯಿಂದ
ರೇಡಿಯೋ ಇಲ್ಲದ ಮನೆಗೆ ಸುದ್ದಿ ಓಡಿತು.
ರಾತ್ರಿಯೆಲ್ಲ ನಾನೂ ಮಗಳೂ ಮೆಟ್ಟಿಲು ಇಳಿದು ಹತ್ತಿ
ಮಸಿ ಒರೆಸಿದೆವು.

ಸೋಮವಾರ. ಬೀದಿಯುದ್ದಕ್ಕೂ ಗಾಜು ತುಂಬಿತ್ತು.
ಎದುರಂಗಡಿಯಲ್ಲಿ ಬೂಟು, ಹಗ್ಗ, ಸೈಕಲ್ಲಿನ ಟಯರು,
ಮೂಲೆಯವನ ಬುಟ್ಟಿಯಲ್ಲಿ ಚೆರ್ರಿ, ಹೂಕೋಸು.
ಒಂದೇ ರಾತ್ರಿಯಲ್ಲಿ ಯಾವ ಕಾರ್ಖಾನೆ ಕೂಗಿತು,
ಯಾವ ಸಚಿವ ಬಂದು ಬುಟ್ಟಿ ಹೊತ್ತ?
ಆಮೇಲೆ ಮೂವತ್ತು ವರ್ಷ, ಬಿಯರಿನ ಮೇಜಿನಲ್ಲಿ
ಯಾರಾದರೂ ತೆರಿಗೆಯ, ನಿಯಮದ ಮಾತೆತ್ತಿದರೆ ಸಾಕು,
ಇದನ್ನೇ ಹೇಳಿದೆ:
ಬೆಲೆಯೆಂದರೆ ಸರಕಿನ ಬಾಯಿ. ಹೊಲಿದು ನೋಡಿ,
ಕತ್ತಲಲ್ಲಿ ಹೋಗಿ ಪಿಸುಗುಟ್ಟುತ್ತದೆ.
ಈಗಲೂ ಹಾಗೇ ಅನ್ನುತ್ತೇನೆ. ತಪ್ಪಿದ್ದರೆ ತೋರಿಸಿ.

ಹೆಡ್ವಿಗ್ ಟಿಮ್ಮೆಯ ವಿಷಯ ಮಾತ್ರ ಆ ಮೇಜಿನಲ್ಲಿ ಎತ್ತಲಿಲ್ಲ.

ಮಾರ್ಚಿನಲ್ಲಿ ಬಂದಿದ್ದಳು. ಸತ್ತ ಸೈನಿಕನ ಹೆಲ್ಮೆಟ್ಟಿನಲ್ಲಿ
ಮಗುವಿಗೆ ಗಂಜಿ ಬೇಯಿಸುತ್ತೇನೆ,
ಏನಾದರೂ ಕೊಡಿ, ತೂತಿದ್ದರೂ ಸರಿ, ಎಂದಿದ್ದಳು.
ಸೋಮವಾರ ಒಳಗೆ ಬರುವ ಮುನ್ನ ಗಾಜಿಗೆ ಹಣೆ ಒತ್ತಿ
ಒಂದೊಂದನ್ನೇ ಎಣಿಸಿದಳು. ತುಟಿ ಅಲುಗುತ್ತಿತ್ತು.
ಸಣ್ಣದೊಂದು ಪಾತ್ರೆ ಆರಿಸಿದಳು. ಏಳು ಮಾರ್ಕು.
ಚೌಕಾಸಿ ಮಾಡಲಿಲ್ಲ.
ತಳವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಉಜ್ಜಿ,
ಕಪ್ಪಾದ ಆ ಬೆರಳನ್ನು ನನ್ನ ಮುಂದೆ ಹಿಡಿದಳು.

ಹತ್ತರ ನೋಟು. ಮೂರು ಎಣಿಸಿ ವಾಪಸು ಕೊಟ್ಟೆ.
ಲೆಕ್ಕ ಸರಿಯಾಗಿತ್ತು.