ಬಾಯಿ ಬಿಡು

ಯೆಸ್ಟಿನ್‌ಗೆ ಇಪ್ಪತ್ಮೂರು.
ಬಾಯಿಗೆ ಐವತ್ತರ ಮೇಲೆ.

ಸ್ವಾನ್‌ಸೀ, ಮೀನಂಗಡಿಯ ಮೇಲಿನ ನನ್ನ ಕ್ಲಿನಿಕ್ಕು.
ಕುರ್ಚಿ ವಾಲುತ್ತದೆ, ಹುಡುಗ ಚಾವಣಿ ನೋಡುತ್ತಾನೆ,
ದೀಪ ಎಳೆದುಕೊಂಡು ನಾನು ಓದತೊಡಗುತ್ತೇನೆ.

ಎಡಗಡೆ, ಹೊಳಪು ಕರಗಿದ ಜಾಗ:
ಡಬ್ಬಿಯ ಪಾನೀಯ, ರಾತ್ರಿಗೆ ನಾಲ್ಕಾದರೂ ಇರಬೇಕು.
ಪೇಲವ ಒಸಡು: ಮಾವಿನ ವಾಸನೆಯ ಹೊಗೆ
(ಮಾವಂತೆ! ಮಾವು ಕಂಡವರು ಮಾಡಿದ್ದಲ್ಲ ಅದು).
ದವಡೆಹಲ್ಲು ಸವೆದು ಚಪ್ಪಟೆ,
ಬೀಸಿ ಬೀಸಿ ನುಣುಪಾದ ಕಲ್ಲು.
ಬೀಸುಕಲ್ಲಿಗಾದರೂ ರಾಗಿ ಇರುತ್ತಿತ್ತು.
ಇವನು ರಾತ್ರಿಯಿಡೀ ಬೀಸಿದ್ದು ಏನನ್ನು?

"ಎಷ್ಟೊತ್ತಿಗೆ ಮಲಗ್ತೀಯ?"
ಬಾಯಲ್ಲಿ ನನ್ನ ಬೆರಳು, ಕನ್ನಡಿ, ಹೀರುಕೊಳವೆ.
"ಆಆ," ಅಂದ. ನಾಲ್ಕೋ, ಐದೋ.
ನಮ್ಮ ಕಸುಬೇ ಹೀಗೆ,
ಬಾಯಿ ತೆರೆಸುತ್ತೇವೆ, ಮಾತಿಗೆ ಜಾಗ ಕೊಡುವುದಿಲ್ಲ.

ಮುಕ್ಕಳಿಸಿ ಉಗಿದ ಮೇಲೆ ಹೇಳಿದ್ದಿಷ್ಟು:
ಪಾರ್ಸೆಲ್ ಗೋದಾಮು, ಪಾಳಿ ಎರಡಕ್ಕೆ ಮುಗಿಯುತ್ತದೆ,
ಆಮೇಲೆ ಆಟ, ಪರದೆಯಲ್ಲಿ. ಗೆಳೆಯರಿದ್ದಾರೆ.
ಹೆಸರು ಕೇಳಿದೆ.
"ನಿಜವಾದ ಹೆಸರಾ?" ಎಂದು ನಕ್ಕ,
ನಗುವಾಗ ಬಾಯಿಗೆ ಕೈ ಅಡ್ಡ.

ಹಲ್ಲು ಕಚ್ಚಿ ಸಹಿಸಿಕೋ ಅಂತಾರಲ್ಲ, ಗಂಡುಹುಡುಗರಿಗೆ,
ಕಚ್ಚಿದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳುವುದಿಲ್ಲ.
ನನಗೆ ಗೊತ್ತು. ಇಲ್ಲಿಗೆ, ಕಿವಿಯ ಕೆಳಗೆ.
ಒತ್ತಿದೆ. ಕಲ್ಲು.
ಕಣ್ಣಲ್ಲಿ ನೀರು ಬಂತು. "ನೋವೇನಿಲ್ಲ," ಎಂದ,
ನಾನಿನ್ನೂ ಕೇಳಿರಲಿಲ್ಲ.

ಅಚ್ಚು ತೆಗೆದೆ, ರಾತ್ರಿ ಹಾಕಿಕೊಳ್ಳುವ ಕವಚಕ್ಕೆ.
ಹಲ್ಲೇನೋ ಉಳಿದೀತು.
ಮೂರು ವಾರ ನನ್ನ ಕಪಾಟಿನಲ್ಲಿ
ಅವನ ಸುಣ್ಣದ ದವಡೆ ಕಿರಿದುಕೊಂಡು ಕೂತಿತ್ತು,
ನಾನು ಫೋನು ನೋಡುತ್ತ, ನಿಂತೇ,
ಸ್ಯಾಂಡ್‌ವಿಚ್ಚು ನುಂಗುವುದನ್ನು ನೋಡುತ್ತ.

ಇವತ್ತು ಬಂದ. ಹತ್ತು ನಿಮಿಷ ಮೊದಲೇ,
ತೊಯ್ದ ಟೊಪ್ಪಿಗೆಯ ಅಂಗಿಯಲ್ಲಿ.
ಕವಚ ಕೈಗೆತ್ತಿಕೊಂಡು, ಅದೇಕೋ,
ಕನ್ನಡದಲ್ಲೇ ಅಂದುಬಿಟ್ಟೆ: "ಬಾಯಿ ಬಿಡಪ್ಪ."
ಎದ್ದು ಕೂತ. ಹಾಗಂದರೆ?
ಎರಡು ಅರ್ಥ, ಎಂದೆ. ಒಂದು, ಇದು, ನನ್ನ ಕೆಲಸ.
"ಇನ್ನೊಂದು?"

ಹೇಳಿದೆ.

ಪಾದದಿಂದ ಪಾದ ಉಜ್ಜುತ್ತ ಕೂತಿದ್ದ, ಬಹಳ ಹೊತ್ತು.
ನರ್ಸ್ ಡೆಲಿತ್ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು.
ಹೊರಗೆ ನಾಲ್ವರು.
ನಾನು ಕೈಗವಸು ಕಳಚಿದೆ, ದೀಪ ಪಕ್ಕಕ್ಕೆ ತಳ್ಳಿದೆ.
ಕವಚ ಅಂಗೈಯಲ್ಲಿ ಹಿಡಿದುಕೊಂಡು, ಅದಕ್ಕೇ ಹೇಳುವವನಂತೆ,
"ಅಕ್ಟೋಬರಿನಿಂದ..." ಎಂದ.