ಎಂಟು ಜೀಬಿ

ಬದಲಾಪುರದಿಂದ ಮಸೀದಿ ಬಂದರಿಗೆ
ಒಂದು ಗಂಟೆ ಹದಿನೆಂಟು ನಿಮಿಷ,
ಕಲ್ಯಾಣದಲ್ಲಿ ಸಿಗ್ನಲ್ಲು ಮುನಿಯದಿದ್ದರೆ.
ಹೋಗಿ ಬರುವಷ್ಟಕ್ಕೆ ಹಾಡು ಬೇಕು, ಅಷ್ಟೆ.

ಫೋನಿನಲ್ಲೇ ಕೇಳಬಹುದಲ್ಲ, ಎನ್ನುತ್ತಾನೆ ಪಕ್ಕದ ಮನೆಯ ಮಯೂರೇಶ.
ಕೇಳಬಹುದು.
ಆದರೆ ಫೋನಿನೊಳಗೆ ನಮ್ಮ ತಲಕ್ಷಿ ಸೇಠರೂ ಇದ್ದಾರೆ.
ಆಲಾಪ ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು,
"ಮಂಗಳವಾರದ ಬಿಲ್ಲೆಲ್ಲಿ?" ಎಂದು ನಡುವೆ ತಲೆ ಹಾಕುತ್ತಾರೆ.

ಅದಕ್ಕೇ ಕೊಂಡೆ ಬೆಂಕಿಪೊಟ್ಟಣದಷ್ಟು ಪ್ಲೇಯರು.
ಎರಡು ಬೆರಳಗಲದ ಪರದೆ.
ಕುಪ್ಪಸದೊಳಗಿನ ಪರ್ಸಿನಲ್ಲಿ
ರೈಲು ಪಾಸಿನ ಮಗ್ಗುಲಿಗೆ ಮಲಗುತ್ತದೆ.

ಮನೆಯಲ್ಲಿರುವುದು ನಾನೂರ ಹನ್ನೆರಡು ಜೀಬಿ,
ಇಪ್ಪತ್ತು ವರ್ಷ ಕಾಡಿ ಬೇಡಿ ತಂದದ್ದು:
ಯಾರ್ಯಾರದೋ ಪೆನ್‌ಡ್ರೈವು,
ದಾದರಿನ ದಾಮ್ಲೆ ಮಾಸ್ತರರು ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟದ್ದು
ಸುರುಳಿಯ ಏದುಸಿರಿನ ಸಮೇತ,
ಮುಂಬ್ರಾದ ಖವ್ವಾಲಿ, ಮಾಟುಂಗದ ಭಜನೆ,
ಒಂದಿಡೀ ರಾತ್ರಿಯ ಯಕ್ಷಗಾನ, ಎಂಟು ಗಂಟೆ, ಒಂದೇ ಫೈಲು,
ಭಾಗವತರ ಪದದ ನಡುವೆ
ಚಹಾ ಮಾರುವವನ ಕೂಗು.

ಮೊದಲ ರಾತ್ರಿ ಹೆಸರು ಹಿಡಿದು ಜೋಡಿಸಿದೆ.
ಒಬ್ಬಳೇ ಗಾಯಕಿ ಮೂರು ಕಾಗುಣಿತದಲ್ಲಿ ಮೂರು ಮನೆ ಹೂಡಿದ್ದಳು.
ಪಡಿತರ ಚೀಟಿಯ ಗುಮಾಸ್ತೆಯ ಹಾಗೆ
ಎರಡನ್ನು ಹೊಡೆದು ಹಾಕಿದೆ.
ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು:
ಈ ಯಂತ್ರ ಕಲಿತ ಮಗ್ಗಿ ಅದು.
ಒಂದೊಂದು ಅಂಕೆಯ ಹಣೆಗೂ ಸೊನ್ನೆಯ ಬೊಟ್ಟಿಟ್ಟೆ,
ತೆಪ್ಪಗೆ ಸಾಲು ನಿಂತವು.

ಮರುದಿನ ಎಲ್ಲ ಕೆಡವಿ, ಹೊತ್ತು ನೋಡಿ ಜೋಡಿಸಿದೆ.
ಬೆಳಗಿನ ರಾಗ ಹೋಗುವಾಗ, ಸಂಜೆಯದು ಬರುವಾಗ.
ಆದರೆ ಏಳೂಮುಕ್ಕಾಲರ ಮಹಿಳಾ ಡಬ್ಬಿಗೆ
ಯಾವ ರಾಗ ಬರೆದಿದೆ ಶಾಸ್ತ್ರದಲ್ಲಿ?
ಪಕ್ಕೆಗೆ ನೆಟ್ಟ ಮೊಣಕೈಗೆ
ವಾದಿ ಸ್ವರ ಯಾವುದು?

ಹಿಂಡಿದರೆ ಇನ್ನಷ್ಟು ಹಿಡಿಸುತ್ತದೆ ಎಂದ ಮಯೂರೇಶ.
ಹಿಂಡಿದೆ.
ಹಾಡು ಉಳಿಯಿತು, ತಬಲಾ ಉಳಿಯಿತು, ಚಪ್ಪಾಳೆಯೂ ಉಳಿಯಿತು.
ತಂಬೂರಿಯ ಜೀವಾಳ ಮಾತ್ರ
ಎಲ್ಲಿ ಸೋರಿತೋ.

ಕನ್ನಡ ಈ ಪರದೆಗೆ ಬರುವುದಿಲ್ಲ.
ಎಲ್ಲ ಹೆಸರೂ ಚೌಕ, ಚೌಕ, ಚೌಕ.
ಇಂಗ್ಲಿಷಿನಲ್ಲಿ ಬರೆದು ನೋಡಿದೆ.
ಹಾಲಿಗೂ ಹಾಳಿಗೂ ಅಲ್ಲಿ ಒಂದೇ ಅಕ್ಷರ.
ರಾತ್ರಿ ಎರಡಕ್ಕೆ ಸೋತು ತಲೆಯೆತ್ತಿದರೆ
ಎದುರು ಕಟ್ಟಡದ ಕಿಟಕಿಗಳು, ಹಾಗೇ, ಚೌಕ, ಚೌಕ,
ಮೂರನೇ ಮಹಡಿಯಲ್ಲಿ ಯಾರೋ ಮಗುವನ್ನು ಹೆಗಲಿಗೆ ಹಾಕಿ
ಆಚೆಗೂ ಈಚೆಗೂ ನಡೆಯುತ್ತಿದ್ದಾರೆ.
ಅವರ ಹೆಸರೂ ನನಗೆ ಗೊತ್ತಿಲ್ಲ.

ಚೌಕಗಳನ್ನು ಹಾಗೇ ಬಿಟ್ಟೆ.

ಕೊನೆಗೆ ಉಳಿದದ್ದು ಯಕ್ಷಗಾನದ ಜಗಳ.
ಅದೊಂದಕ್ಕೇ ಅರ್ಧ ಜೀಬಿ ಬೇಕು.
ನೂರ ಹತ್ತು ಸಿನಿಮಾ ಹಾಡುಗಳನ್ನು ಇಳಿಸಿ
ಅದನ್ನು ಹತ್ತಿಸಿಕೊಂಡೆ. ಮಯೂರೇಶ ನಕ್ಕ.

ನಿಲ್ಲಿಸಿದಲ್ಲಿಂದಲೇ ಮುಂದುವರಿಯುವುದು
ಈ ಅಗ್ಗದ ಯಂತ್ರಕ್ಕಿರುವ ಒಂದೇ ಒಳ್ಳೆಯ ಗುಣ.
ಸೋಮವಾರ ಬೆಳಿಗ್ಗೆ ಗಣಪತಿಗೆ ಪೂಜೆ,
ಮಂಗಳವಾರ, ಸರಿಯಾಗಿ ಡೊಂಬಿವಲಿಯಲ್ಲಿ,
ಜನ ಒಮ್ಮೆಲೇ ನುಗ್ಗುವಾಗ, ಚೆಂಡೆ ಗುಡುಗಿ
ರಾಕ್ಷಸನ ಪ್ರವೇಶ.
ಲೆಕ್ಕ ಹಾಕಿದ್ದೇನೆ: ಮಂಗಳ ಹಾಡುವುದು
ಗುರುವಾರ ಬೆಳಿಗ್ಗೆ, ಉಲ್ಹಾಸನಗರದ ಆಸುಪಾಸು.

ಅಂಬರನಾಥದಲ್ಲಿ ಹತ್ತುವ ವೈಜಯಂತಿ ಶೇಲಾರಳಿಗೆ
ಒಂದು ಕಿವಿ ಕೊಟ್ಟಿದ್ದೇನೆ.
ಮಾತು ಒಂದೂ ತಿಳಿಯದು ಅವಳಿಗೆ,
ಚಹಾದವನು ಕೂಗಿದಾಗ ಮಾತ್ರ ನಗುತ್ತಾಳೆ.
ಬುಧವಾರ ಸೀಟಿಗೆ ಒರಗುವ ಮೊದಲೇ ಕೇಳಿದಳು,
"ಅವನು ಸತ್ತನಾ?"

"ಇನ್ನೂ ಇಲ್ಲ.
ಸಂಜೆ ದಿವಾ ದಾಟಲಿ."